ಹೇಳಿ ಹೇಳಿ ಸವೆದ ಕಥೆಯನ್ನು ಬದಿಗಿಡಿ: ಆತ್ಮಕಥನಕ್ಕೆ ಕೈಹಾಕುವವರಿಗೆ

ತಮ್ಮ ಬದುಕನ್ನು ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಎತ್ತಿಕೊಳ್ಳುವುದು ಮನೆಯಲ್ಲಿ ನೂರು ಸಲ ಹೇಳಿದ ಕಥೆಯನ್ನು. ನೆಂಟರು ಸೇರಿದಾಗ ಹೇಳಿದ್ದು, ಸ್ನೇಹಿತರಿಗೆ ಹೇಳಿದ್ದು, ಮಕ್ಕಳು ಕೇಳಿದಾಗ ಹೇಳಿದ್ದು. ಬರೆಯೋದಕ್ಕೂ ಸಲೀಸು. ಕೂತಲ್ಲೇ ಮೂರು ಪುಟ ಆಗುತ್ತದೆ. ಮಾರನೇ ದಿನ ಓದಿದರೆ ಅದರಲ್ಲಿ ಜೀವವೇ ಇರುವುದಿಲ್ಲ.

ಕಾರಣ ಸರಳ. ಆ ಕಥೆಯನ್ನು ನೀವು ಬರೆಯುವ ಮುಂಚೆಯೇ ಬೇರೆಯವರು ಬರೆದು ಮುಗಿಸಿದ್ದಾರೆ. ಎಲ್ಲಿ ನಗಬೇಕು, ಎಲ್ಲಿ ನಿಟ್ಟುಸಿರು ಬಿಡಬೇಕು, ಯಾರು ಒಳ್ಳೆಯವರು, ಎಲ್ಲ ತೀರ್ಮಾನ ಆಗಿಹೋಗಿದೆ. ನೀವು ಬರೀ ನಕಲು ಮಾಡುತ್ತಿದ್ದೀರಿ.

ನಾನು ನನ್ನ ಅಮ್ಮನ ಬಗ್ಗೆ ಒಂದು ಪುಸ್ತಕ ಬರೆದೆ. ಅಮ್ಮ ಟೈಲರ್. ಮನೆಯಲ್ಲೇ ಹೊಲಿಯುತ್ತಿದ್ದಳು. ನಮ್ಮಲ್ಲಿ ಸವೆದ ಕಥೆ ಇದು: ಅಪ್ಪ ಮನೆ ಬಿಟ್ಟು ಹೋದ ಸಂಜೆ ಅಮ್ಮ ಮಿಷನ್ ತುಳಿಯೋದನ್ನು ನಿಲ್ಲಿಸಲೇ ಇಲ್ಲ. ಇದನ್ನು ಹೇಳುವವರೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಾರೆ, "ಅಂಥ ಗಟ್ಟಿಗಿತ್ತಿ." ಹೊರಗೆ ಮಳೆ ಬೇರೆ ಸುರಿಯುತ್ತಿರುತ್ತದೆ. ಇಂಥ ಕಥೆಗಳಲ್ಲಿ ಮಳೆ ಬರಲೇಬೇಕು, ಅಲ್ವಾ?

ಹೇಳಿದಷ್ಟೂ ಕಥೆ ನುಣುಪಾಗುವುದು ಹೊಸ ಸಂಗತಿಯೇನಲ್ಲ. ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಅವರು ಇಂಗ್ಲಿಷ್ ಓದುಗರಿಗೆ ಕೊಟ್ಟು, ಆಮೇಲೆ ನೆನಪಿನಿಂದ ಬರೆಯಲು ಹೇಳಿದರು. ದಿನ ಕಳೆದ ಹಾಗೆ ಮತ್ತೆ ಮತ್ತೆ ಬರೆಸಿದರು. ಬರಬರುತ್ತಾ ಕಥೆ ಚಿಕ್ಕದಾಯಿತು. ವಿಚಿತ್ರವಾಗಿದ್ದ ಭಾಗಗಳು ಉದುರಿದವು. ಓದುಗರಿಗೆ ಅಷ್ಟು ಪರಿಚಯವಿಲ್ಲದ, ಮೂಲನಿವಾಸಿಗಳ "ಕನೂ" ದೋಣಿಗಳು ಮಾಮೂಲಿ ದೋಣಿಗಳಾದವು. ಕಾರಣ ಗೊತ್ತಾಗದ ಕಡೆ ಅವರೇ ಕಾರಣ ಹುಟ್ಟಿಸಿದರು. ನಿಮ್ಮ ಮನೆಯ ಕಥೆಗೂ ಆಗಿರುವುದು ಇದೇ. ಅರ್ಥವಾಗದ್ದು ಉದುರಿದೆ, ಅರ್ಥವಾಗುವಂಥದ್ದು ಉಳಿದಿದೆ. ಆದರೆ ಬರೆಯುವವರಿಗೆ ಬೇಕಾದದ್ದು ಆ ಉದುರಿದ್ದೇ.

ಹಾಗಾದರೆ ಅದನ್ನು ಹುಡುಕುವುದು ಹೇಗೆ?

ಮೊದಲು ಆ ಸವೆದ ಕಥೆಯನ್ನೇ ಬರೆದುಬಿಡಿ. ಒಂದೇ ಹಾಳೆಯಲ್ಲಿ, ಮನೆಯವರು ಹೇಗೆ ಹೇಳುತ್ತಾರೋ ಹಾಗೇ, ಅವರ ಮಾತುಗಳಲ್ಲೇ. ಚೆನ್ನಾಗಿ ಬರೆಯಲು ಹೋಗಬೇಡಿ. ಬರೆದಾದ ಮೇಲೆ ಪೆನ್ಸಿಲ್ ಹಿಡಿದು, ಘಟನೆಯನ್ನು ಬಿಟ್ಟು ತೀರ್ಪು ಹೇಳುವ ಮಾತುಗಳ ಕೆಳಗೆ ಗೆರೆ ಎಳೆಯಿರಿ. ನನ್ನ ಹಾಳೆಯಲ್ಲಿ "ಗಟ್ಟಿಗಿತ್ತಿ" ಇತ್ತು, "ಒಂದು ಹನಿ ಕಣ್ಣೀರು ಹಾಕಲಿಲ್ಲ" ಇತ್ತು, "ಅವತ್ತೇ ತೀರ್ಮಾನ ಮಾಡಿದಳು" ಇತ್ತು. ಗೆರೆ ಎಳೆದ ಮಾತುಗಳನ್ನೆಲ್ಲ ತೆಗೆದು ಉಳಿದದ್ದನ್ನು ನೋಡಿ. ನನ್ನ ಪಾಲಿಗೆ ಉಳಿದದ್ದು ಒಂದು ಮಿಷನ್, ಒಬ್ಬ ಹೆಂಗಸು, ಒಂದು ಸಂಜೆ. ಅಷ್ಟೇ. ಬೇಜಾರಾಗುತ್ತದೆ, ನಿಜ. ಆದರೆ ಈಗ ಕೇಳಲು ಪ್ರಶ್ನೆಗಳು ಸಿಗುತ್ತವೆ.

ಪ್ರಶ್ನೆಗಳು ದೊಡ್ಡದಾಗಿರಬಾರದು. "ಅಮ್ಮನಿಗೆ ಆಗ ಹೇಗನ್ನಿಸಿರಬಹುದು" ಅನ್ನುವುದು ಕೆಲಸಕ್ಕೆ ಬಾರದ ಪ್ರಶ್ನೆ. ಅದಕ್ಕೆ ಮತ್ತೆ ಅದೇ ಹಳೇ ಉತ್ತರ ಬರುತ್ತದೆ. "ಅಮ್ಮ ಅವತ್ತು ಹೊಲಿಯುತ್ತಿದ್ದದ್ದು ಏನನ್ನು?" ಇದು ಪ್ರಶ್ನೆ. ಕೈಯಲ್ಲಿ ಏನಿತ್ತು, ಕೋಣೆಯಲ್ಲಿ ಮತ್ತೆ ಯಾರಿದ್ದರು, ಅದಕ್ಕೆ ಒಂದು ಗಂಟೆ ಮುಂಚೆ ಏನಾಯಿತು, ರಾತ್ರಿ ದೀಪ ಆರಿಸಿದವರು ಯಾರು, ಹೀಗೆ.

ನನಗೆ ಉತ್ತರ ಕೊಟ್ಟದ್ದು ಅಮ್ಮನ ಅಳತೆ ಪುಸ್ತಕ. ಟೈಲರ್‌ಗಳ ಹತ್ತಿರ ಇರುತ್ತದಲ್ಲ, ಉದ್ದನೆಯ ನೋಟ್‌ಬುಕ್ಕು. ಒಂದೊಂದು ಸಾಲಿಗೆ ಒಂದು ಹೆಸರು, ಮುಂದೆ ಭುಜ, ಎದೆ, ಸೊಂಟ, ತೋಳು, ಉದ್ದ, ಕೊನೆಗೆ ಕೊಡಬೇಕಾದ ದಿನ. ಬಟ್ಟೆಯ ಒಂದು ಸಣ್ಣ ಚೂರನ್ನು ಗುಂಡುಸೂಜಿಯಲ್ಲಿ ಸಿಕ್ಕಿಸಿರುತ್ತಾಳೆ. ಸೂಜಿಗಳಿಗೆ ತುಕ್ಕು ಹಿಡಿದು ಕಾಗದದ ಮೇಲೆ ಕಂದು ಗೆರೆ ಬಿದ್ದಿದೆ. ನಮ್ಮ ಮೂವರ ಅಳತೆಗೂ ಒಂದು ಪುಟ ಇದೆ. ಹಳೆಯ ಅಂಕಿ ಹೊಡೆದು ಪಕ್ಕದಲ್ಲಿ ಹೊಸದು, ಅದನ್ನೂ ಹೊಡೆದು ಮತ್ತೊಂದು. ತಮ್ಮ ಒಂದೇ ವರ್ಷದಲ್ಲಿ ಎಷ್ಟು ಬೆಳೆದ ಅಂತ ಅಲ್ಲಿ ನೋಡಿದರೆ ಗೊತ್ತಾಗುತ್ತದೆ.

ಅಪ್ಪ ಹೋದ ತಾರೀಖು ಮಾವನ ಪತ್ರದಿಂದ ಸಿಕ್ಕಿತ್ತು. ಆ ವಾರದ ಪುಟ ತೆಗೆದರೆ ಪುಟದ ತುಂಬ ಶಾಲೆಯ ಸಮವಸ್ತ್ರ. ಎಲ್ಲದರ ಎದುರಿಗೂ "ಸೋಮವಾರ". ಅರ್ಧಕ್ಕಷ್ಟೇ ಟಿಕ್ ಬಿದ್ದಿದೆ. ಸುಮಾರು ಹೆಸರುಗಳ ಪಕ್ಕ ಮುಂಗಡ ಬಂದ ಗುರುತು ಇದೆ.

ಮುಂಗಡ ಖರ್ಚಾಗಿರುತ್ತದೆ. ಸೋಮವಾರ ಬಟ್ಟೆ ಕೊಡದಿದ್ದರೆ ಮಕ್ಕಳು ಶಾಲೆಗೆ ಹೋಗುವ ಹಾಗಿಲ್ಲ. ಅಮ್ಮ ಮಿಷನ್ ನಿಲ್ಲಿಸಲಿಲ್ಲ ಅನ್ನುವುದು ಸರಿ. ನಿಲ್ಲಿಸುವ ಹಾಗೇ ಇರಲಿಲ್ಲ ಅನ್ನುವುದನ್ನು ಯಾರೂ ಹೇಳಿರಲಿಲ್ಲ. ಗಟ್ಟಿಗಿತ್ತಿ ಅನ್ನುವ ಮಾತು ಒಂದೇ ಏಟಿಗೆ ಬಿತ್ತು. ಅದರ ಜಾಗದಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಅಷ್ಟು ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿದವರು ಯಾರು? ಅಕ್ಕನನ್ನು ಕೇಳಿದೆ. "ಇನ್ಯಾರು, ನಾನೇ" ಅಂದಳು. ಅಪ್ಪ ಹೋದ ರಾತ್ರಿ ಹುಡುಗಿಯೊಬ್ಬಳು ದೀಪದ ಕೆಳಗೆ ಕೂತು ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಅಂದರೆ, "ಅದರಲ್ಲೇನಿದೆ ಹೇಳೋದಕ್ಕೆ?" ನನ್ನ ಪುಸ್ತಕದ ಮೊದಲ ಅಧ್ಯಾಯ ಅದೇ ಆಯಿತು.

ಯಾರಾದರೂ "ಅದರಲ್ಲೇನಿದೆ" ಅಂದರೆ ಕೂಡಲೇ ಪೆನ್ನು ತೆಗೆಯಿರಿ.

ನಿಮ್ಮ ಮನೆಯಲ್ಲಿ ಅಳತೆ ಪುಸ್ತಕ ಇರಬೇಕಾಗಿಲ್ಲ. ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿ, ಬಾಡಿಗೆ ರಸೀದಿ, ಕ್ಯಾಲೆಂಡರಿನ ಮೇಲೆ ಗೀಚಿದ ಹಾಲಿನ ಲೆಕ್ಕ, ಫೋಟೋ ಹಿಂಬದಿಯ ಬರಹ, ಯಾವುದಾದರೂ ಸರಿ. ಡೈರಿಗಿಂತ ಇವೇ ನನಗೆ ಹೆಚ್ಚು ಇಷ್ಟ. ಡೈರಿ ಬರೆಯುವಾಗ ಯಾರೋ ಓದುತ್ತಾರೆ ಅನ್ನುವ ಎಚ್ಚರ ಇರುತ್ತದೆ. ಹಾಲಿನ ಲೆಕ್ಕ ಬರೆಯುವವರಿಗೆ ಆ ಚಿಂತೆ ಇಲ್ಲ. ಆದರೆ ಇವನ್ನು ಸಾಕ್ಷಿಯ ಹಾಗೆ ಪುಸ್ತಕಕ್ಕೆ ಅಂಟಿಸಬೇಡಿ. ಓದುಗರು ನ್ಯಾಯಾಧೀಶರಲ್ಲ. ಪ್ರಶ್ನೆ ಹುಟ್ಟಿಸಿಕೊಳ್ಳಲು ಬಳಸಿ, ಆಮೇಲೆ ಪೆಟ್ಟಿಗೆಗೆ ಹಾಕಿ.

ಕಾಗದ ಒಂದೂ ಇಲ್ಲವೇ? ಹಾಗಾದರೆ ಮನೆಯ ನಕ್ಷೆ ಬರೆಯಿರಿ. ಚಿತ್ರ ಬರೆಯಲು ಬರಬೇಕಾಗಿಲ್ಲ. ಬಾಗಿಲು, ಕಿಟಕಿ, ಒಲೆ, ಮಲಗುವ ಜಾಗ ಇಷ್ಟು ಗುರುತಿಸಿ. ಯಾರು ಎಲ್ಲಿ ಮಲಗುತ್ತಿದ್ದರು ಅಂತ ಹೆಸರು ಬರೆಯಿರಿ. ಎಲ್ಲೋ ಒಂದು ಮೂಲೆ ಖಾಲಿ ಉಳಿಯುತ್ತದೆ. ಅಲ್ಲಿ ಏನಿತ್ತು ಅಂತ ಎಷ್ಟು ಯೋಚಿಸಿದರೂ ಬರುವುದಿಲ್ಲ. ಆ ಮೂಲೆಯ ಹತ್ತಿರವೇ ಸ್ವಲ್ಪ ದಿನ ಸುಳಿದಾಡಿ. ವಾಸನೆಯಿಂದಲೂ ಶುರು ಮಾಡಬಹುದು. ವಾಸನೆಯಿಂದ ಏಳುವ ನೆನಪುಗಳು ಬಹುಪಾಲು ತೀರಾ ಚಿಕ್ಕ ವಯಸ್ಸಿನವು, ಹತ್ತು ವರ್ಷದ ಒಳಗಿನವು. ಮಾತಿನಿಂದ, ಫೋಟೋದಿಂದ ಏಳುವವು ಹದಿಹರೆಯದ ಕಡೆಗೆ ಜಾಸ್ತಿ ಸರಿಯುತ್ತವೆ. ನಾನು ಒಂದು ಚಿಕ್ಕ ಬಾಟಲಿ ಮಿಷನ್ ಎಣ್ಣೆ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಮುಚ್ಚಳ ತೆಗೆದರೆ ಸಾಕು, ಬಾಬಿನ್ ಡಬ್ಬಿ, ಚರ್ಮದ ಬೆಲ್ಟು, ಪೆಡಲ್ ಮೇಲೆ ಸವೆದ ಅಕ್ಷರ ಎಲ್ಲ ಸಾಲಾಗಿ ಬರುತ್ತಿದ್ದವು.

ಒಡಹುಟ್ಟಿದವರನ್ನು ಕೇಳುವ ಬಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ. ಜೋರಾಗಿ ಮಾತಾಡುವವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕೇಳಿ. ನಿಮ್ಮ ನೆನಪನ್ನು ಮೊದಲೇ ಹೇಳಬೇಡಿ. "ಅವತ್ತು ಮಳೆ ಬರ್ತಿತ್ತಲ್ವಾ?" ಅಂದರೆ ಮುಗಿಯಿತು, ಮಳೆ ಬಂದೇ ಬರುತ್ತದೆ. "ಅವತ್ತಿನ ಸಂಜೆ ಹೇಗಿತ್ತು, ಹೇಳು" ಅಂತ ಬಿಟ್ಟುಬಿಡಿ.

1974ರಲ್ಲಿ ನೆನಪಿನ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲಂ ತೋರಿಸಿ ಪ್ರಶ್ನೆ ಕೇಳಿದರು. ಕೆಲವರಿಗೆ ಕಾರುಗಳು ತಾಗಿದಾಗ ವೇಗ ಎಷ್ಟಿತ್ತು ಅಂತ, ಇನ್ನು ಕೆಲವರಿಗೆ ನುಚ್ಚುನೂರಾದಾಗ ಎಷ್ಟಿತ್ತು ಅಂತ. ಎರಡನೆಯವರು ಹೆಚ್ಚು ವೇಗ ಹೇಳಿದರು. ಇದೇ ಬಗೆಯ ಇನ್ನೊಂದು ಸುತ್ತಿನಲ್ಲಿ, ಒಂದು ವಾರ ಬಿಟ್ಟು ಒಡೆದ ಗಾಜು ನೋಡಿದಿರಾ ಅಂತ ಕೇಳಿದರು. ಫಿಲಂನಲ್ಲಿ ಗಾಜು ಒಡೆದಿರಲೇ ಇಲ್ಲ. ಜೋರಾದ ಪ್ರಶ್ನೆ ಕೇಳಿಸಿಕೊಂಡವರಲ್ಲಿ ನೋಡಿದೆವು ಅಂದವರು ಎದ್ದು ಕಾಣುವಷ್ಟು ಜಾಸ್ತಿ. ನಿಮ್ಮ ಅಕ್ಕ, ಅಣ್ಣ, ಚಿಕ್ಕಮ್ಮನ ಹತ್ತಿರವೂ ನಿಮ್ಮ ಪ್ರಶ್ನೆ ಹೀಗೆ ಗಾಜು ಒಡೆಯಬಲ್ಲದು.

ನಮ್ಮ ಮಳೆಯ ಕಥೆಗೆ ಬಂದರೆ, ಅವತ್ತು ಕತ್ತರಿಸುವ ಮುಂಚೆ ನೆನೆಸಿದ ಬಟ್ಟೆ ಹೊರಗೆ ಒಣಗುತ್ತಿತ್ತು ಅಂತಾಳೆ ಅಕ್ಕ. ಮಳೆ ಬಂದಿದ್ದರೆ ಒಣಗಲು ಹಾಕುತ್ತಿರಲಿಲ್ಲ. ನನಗೆ ಮಳೆಯ ಸದ್ದು ಇವತ್ತಿಗೂ ಕೇಳಿಸುತ್ತದೆ. ಪುಸ್ತಕದಲ್ಲಿ ಎರಡನ್ನೂ ಇಟ್ಟೆ. ನನಗೆ ಮಳೆ, ಅಕ್ಕನಿಗೆ ಒಣ ಬಟ್ಟೆ. ಯಾರು ಸರಿ ಅಂತ ತೀರ್ಪು ಕೊಡಲಿಲ್ಲ.

ಖಚಿತವಾಗಿ ನೆನಪಿದೆ ಅನ್ನುವುದು ಸಾಕ್ಷಿ ಅಲ್ಲ, ಇದು ಮನಸ್ಸಿನಲ್ಲಿರಲಿ. ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ 1986ರ ಜನವರಿ 28ರಂದು ಸ್ಫೋಟವಾಯಿತು. ಸುದ್ದಿ ತಮಗೆ ಹೇಗೆ ತಿಳಿಯಿತು ಅಂತ ಮರುದಿನವೇ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡರು. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರಿಂದ ಮತ್ತೆ ಬರೆಸಿದರು. ಕಾಲು ಭಾಗ ಜನರ ಹೊಸ ಉತ್ತರದಲ್ಲಿ ಮುಖ್ಯ ವಿವರ ಒಂದೂ ಹೊಂದಲಿಲ್ಲ. ಆದರೂ ಅವರಲ್ಲಿ ಹಲವರಿಗೆ ತಮ್ಮ ನೆನಪಿನ ಬಗ್ಗೆ ಅನುಮಾನವೇ ಇರಲಿಲ್ಲ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ.

ಪುಸ್ತಕ ಅಚ್ಚಾದ ಮೇಲೂ ಈ ಕೆಲಸ ಮುಗಿಯುವುದಿಲ್ಲ. ಕಾದಂಬರಿಕಾರ ವ್ಲಾದಿಮಿರ್ ನಬಕೋವ್ 1951ರಲ್ಲಿ ಪ್ರಕಟಿಸಿದ ಆತ್ಮಕಥನವನ್ನು ಬಂಧುಗಳು ಓದಿ, ಇದು ಹೀಗಲ್ಲ, ಅದು ಹಾಗಲ್ಲ ಅಂತ ಹೇಳಿದರು. 1960ರ ದಶಕದಲ್ಲಿ ಆತ ಅದನ್ನು ತಿದ್ದಿ, ಬೆಳೆಸಿ ಮತ್ತೆ ತಂದ. ಅಂಥ ಲೇಖಕನೇ ತಿದ್ದಿಕೊಂಡ ಮೇಲೆ ನಮಗೇನು ಬಿಗುಮಾನ?

ವಾಕ್ಯದ ಮಟ್ಟದಲ್ಲಿ

ನನ್ನ ಮೊದಲ ಕರಡಿನಲ್ಲಿ ಹೀಗಿತ್ತು: "ಅಮ್ಮ ನೋವನ್ನು ನುಂಗಿಕೊಂಡು ರಾತ್ರಿಯಿಡೀ ನಮಗಾಗಿ ದುಡಿದಳು. ಅವಳ ತ್ಯಾಗ ಆಗ ನಮಗೆ ಅರ್ಥವಾಗಿರಲಿಲ್ಲ."

ಕೊನೆಗೆ ಉಳಿದದ್ದು ಹೀಗೆ: "ಅಮ್ಮ ಕಾಲರ್ ತಿರುವಿ ಮಿಷನ್ ಕೆಳಗೆ ಇಟ್ಟಳು. ದಾರ ಕಡಿಯಿತು. ಮತ್ತೆ ಪೋಣಿಸಿದಳು. ಮತ್ತೆ ಕಡಿಯಿತು. 'ಗುಂಡಿ ಸಾಲದಿದ್ದರೆ ಹಳೇ ಅಂಗಿಯದ್ದು ಬಿಚ್ಚು' ಅಂದಳು ಅಕ್ಕನಿಗೆ. ಅಪ್ಪನ ಒಂದು ಅಂಗಿ ಗೂಟದಲ್ಲೇ ಇತ್ತು."

ಅಕ್ಕ ಯಾವ ಅಂಗಿಯ ಗುಂಡಿ ಬಿಚ್ಚಿದಳು ಅಂತ ನಾನು ಬರೆದಿಲ್ಲ. ಬರೆದಿದ್ದರೆ ಕೆಡುತ್ತಿತ್ತು. ಮೊದಲನೆಯದರಲ್ಲಿ ಇರುವುದೆಲ್ಲ ನನ್ನ ಅಭಿಪ್ರಾಯ. ಎರಡನೆಯದರಲ್ಲಿ ಕೆಲಸ ನಡೆಯುತ್ತಿದೆ. ಯಾವುದೇ ಕೆಲಸ ಮಾಡುವ ವ್ಯಕ್ತಿಯ ಬಗ್ಗೆ ಬರೆಯುವಾಗ ಆ ಕೆಲಸದ ಮಾತುಗಳನ್ನು ಸರಿಯಾಗಿ ಕಲಿತುಕೊಳ್ಳಿ. ಬಾಬಿನ್, ಕಾಜಾ, ಹೆಮ್ಮಿಂಗ್ ಅಂತ ಬರೆಯಬಲ್ಲವರಿಗೆ ತ್ಯಾಗ, ನೋವು ಅಂತ ಬರೆಯುವ ಅಗತ್ಯ ಬೀಳುವುದು ಕಡಿಮೆ.

ಸಂಭಾಷಣೆಯ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಅಷ್ಟು ಹಿಂದಿನ ಮಾತು ಅಕ್ಷರಶಃ ಯಾರಿಗೆ ನೆನಪಿರುತ್ತದೆ? ಯಾರಿಗೂ ಇಲ್ಲ. ನನ್ನ ನಿಯಮ ಇಷ್ಟೇ: ಆ ವ್ಯಕ್ತಿ ಪದೇ ಪದೇ ಆಡುತ್ತಿದ್ದ ಮಾತುಗಳನ್ನು ಧೈರ್ಯವಾಗಿ ಬಳಸುತ್ತೇನೆ. ಒಂದೇ ಸಲ ಆಡಿದ ಮಾತು ಒಂದು ಸಾಲಿಗಿಂತ ಉದ್ದವಿದ್ದರೆ ಉದ್ಧರಣ ಚಿಹ್ನೆ ಹಾಕುವುದಿಲ್ಲ, "ಹೀಗೇನೋ ಅಂದಳು" ಅಂತ ಬರೆಯುತ್ತೇನೆ. ಯಾರಾದರೂ ತಮ್ಮ ಬಾಲ್ಯದಿಂದ ಅರ್ಧ ಪುಟದ ಸಂಭಾಷಣೆ ತಂದಿಟ್ಟರೆ ನಾನಂತೂ ನಂಬುವುದಿಲ್ಲ.

ಇನ್ನೊಂದು. ಪುಟದ ಮೇಲೆ ಇಬ್ಬರು "ನಾನು" ಇರುತ್ತಾರೆ. ಅವತ್ತು ಮೇಜಿನ ಕೆಳಗೆ ಕೂತು ಬಟ್ಟೆ ಚೂರು ಆಯುತ್ತಿದ್ದ ಹುಡುಗಿ ಒಬ್ಬಳು, ಇವತ್ತು ಬರೆಯುತ್ತಿರುವವಳು ಇನ್ನೊಬ್ಬಳು. ಹುಡುಗಿಗೆ ಮುಂಗಡದ ಲೆಕ್ಕ ಗೊತ್ತಿಲ್ಲ. ಅವಳಿಗೆ ಪೆಡಲ್ ಮೇಲಿನ ಅಮ್ಮನ ಪಾದ ಮಾತ್ರ ಕಾಣುತ್ತದೆ. ಯಾವ ವಾಕ್ಯ ಯಾರದ್ದು ಅಂತ ಪ್ರತಿ ಪ್ಯಾರಾದಲ್ಲೂ ಕೇಳಿಕೊಳ್ಳಿ. ಹುಡುಗಿಯ ಬಾಯಲ್ಲಿ ದೊಡ್ಡವಳ ಬುದ್ಧಿವಂತಿಕೆ ತುರುಕಿದರೆ ಓದುಗರಿಗೆ ಕೂಡಲೇ ಗೊತ್ತಾಗಿಬಿಡುತ್ತದೆ.

ಕೂರುವುದು, ಏಳುವುದು

ದಿನಕ್ಕೆ ಇಷ್ಟು ಪದ, ಬೆಳಗಿನ ಜಾವವೇ ಬರೆಯಬೇಕು, ಇಂಥ ನಿಯಮಗಳಲ್ಲಿ ನನಗೆ ನಂಬಿಕೆ ಕಡಿಮೆ. ನಿಗದಿತ ಹೊತ್ತು ಇದ್ದರೆ ಒಳ್ಳೆಯದು, ಯಾವ ಹೊತ್ತಾದರೂ ಆಗಲಿ. ಏಳುವಾಗ ನಾಳೆಗೆ ಒಂದು ಸಣ್ಣ ಪ್ರಶ್ನೆ ಚೀಟಿಯಲ್ಲಿ ಬರೆದಿಟ್ಟು ಏಳುತ್ತೇನೆ. "ಮಿಷನ್ ಮುಚ್ಚಳದ ಮೇಲೆ ಏನಿರುತ್ತಿತ್ತು?" ಅಂಥದ್ದು. ಖಾಲಿ ಹಾಳೆಯ ಭಯ ಇದರಿಂದ ಅರ್ಧ ಕಡಿಮೆ ಆಗುತ್ತದೆ. ತಾನಾಗಿ ಕೂರಲು ಆಗದವರು ಯಾರಿಗಾದರೂ ಮಾತು ಕೊಟ್ಟುಬಿಡಿ. ಗಾಂಧೀಜಿ ತಮ್ಮ ಆತ್ಮಕಥೆಯನ್ನು 1925ರಿಂದ 1929ರವರೆಗೆ ನವಜೀವನ ಪತ್ರಿಕೆಗೆ ಕಂತು ಕಂತಾಗಿ ಬರೆದರು. ಪತ್ರಿಕೆ ಕಾಯುತ್ತಿದ್ದರೆ ಬರೆಯದೆ ವಿಧಿಯಿಲ್ಲ. ನಿಮಗೆ ಪತ್ರಿಕೆ ಬೇಡ, ಭಾನುವಾರ ಎರಡು ಪುಟಕ್ಕಾಗಿ ಕಾಯುವ ಒಬ್ಬ ಸ್ನೇಹಿತೆ ಸಾಕು.

ಸಾವು, ಜಗಳ, ಅವಮಾನ ಬರೆಯುವ ದಿನಗಳ ಬಗ್ಗೆ ಮಾತ್ರ ಎಚ್ಚರ ಇರಲಿ. ಮನಶ್ಶಾಸ್ತ್ರದ ಸಂಶೋಧಕರಾದ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಕಹಿ ಅನುಭವ ಬರೆದರು. ಬರೆದ ಕೂಡಲೇ ಅವರ ಮನಸ್ಸು ಮೊದಲಿಗಿಂತ ಕುಗ್ಗಿತ್ತು. ಘಟನೆಯನ್ನೂ ಅದರ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಹಾಗಾಗಿ ಬರೆದ ಮೇಲೆ ಮಂಕು ಕವಿದರೆ ಗಾಬರಿ ಬೇಡ. ಅಂಥ ದಿನ ಜಾಸ್ತಿ ಹೊತ್ತು ಕೂರಬೇಡಿ, ರಾತ್ರಿ ಮಲಗುವ ಮುಂಚೆಯಂತೂ ಬೇಡವೇ ಬೇಡ. "ನಾನು" ಬರೆಯಲು ಕೈ ನಡುಗಿದರೆ "ಅವಳು" ಅಂತ ಬರೆಯಿರಿ, ಆಮೇಲೆ ಬದಲಾಯಿಸಿದರಾಯಿತು. ಮಂಕು ವಾರಗಟ್ಟಲೆ ಇಳಿಯದಿದ್ದರೆ ಬರಹ ಬದಿಗಿಟ್ಟು ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ಬದುಕಿರುವವರ ಬಗ್ಗೆ ಬರೆಯುವಾಗ ಹೆಸರು ಬದಲಾಯಿಸಿದರೆ ಸಾಲದು. ಮನೆಯವರಿಗೆ ಯಾರು ಅಂತ ತಿಳಿದೇ ತಿಳಿಯುತ್ತದೆ. ಅಕ್ಕನ ಅಧ್ಯಾಯವನ್ನು ಅಚ್ಚಿಗೆ ಕೊಡುವ ಮುಂಚೆ ಅವಳಿಗೆ ಓದಲು ಕೊಟ್ಟೆ. ಗುಂಡಿಯ ವಿಷಯಕ್ಕೆ ಅವಳು ಏನೂ ಹೇಳಲಿಲ್ಲ. ತಾನು ಅವತ್ತು ಹಾಕಿಕೊಂಡಿದ್ದ ಫ್ರಾಕಿನ ಬಣ್ಣ ತಪ್ಪಿದೆ ಅಂತ ಜಗಳ ತೆಗೆದಳು. ಸರಿಪಡಿಸಿದೆ. ಅಪ್ಪನ ಬಗ್ಗೆ ಅವಳು ನನಗೆ ಹೇಳಿದ ಒಂದು ಸಂಗತಿಯನ್ನು ಬಿಟ್ಟೆ. ಅದು ಅವಳ ಕಥೆ, ನನ್ನದಲ್ಲ. ಬೇಕಾದರೆ ಅವಳೇ ಬರೆಯಲಿ.

ತಿದ್ದುವಾಗ ಒಂದೇ ಒಂದು ಉಪಾಯ ಹೇಳುತ್ತೇನೆ, ಉಳಿದದ್ದು ಎಲ್ಲರಿಗೂ ಗೊತ್ತಿರುವಂಥದ್ದೇ. ಪ್ರತಿ ಪ್ಯಾರಾದ ಕೊನೆಯ ವಾಕ್ಯವನ್ನು ಬೆರಳಿನಿಂದ ಮುಚ್ಚಿ ಓದಿ. ಏನೂ ಕಳೆದುಹೋಗಲಿಲ್ಲ ಅನ್ನಿಸಿದರೆ ಹೊಡೆದುಹಾಕಿ. ಅರ್ಥ ಹೇಳುವ ಚಪಲ ಬಂದು ಕೂರುವುದು ಸಾಮಾನ್ಯವಾಗಿ ಅಲ್ಲೇ.

ಆಮೇಲೆ ನಿಮ್ಮ ಮನೆಯ ಕಥೆ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಾರೆ. ಎಲ್ಲಿ ಪುಟ ಹಾರಿಸಿದಿರಿ, ಯಾವ ಹೆಸರು ಯಾರದ್ದು ಅಂತ ಎಲ್ಲಿ ಮರೆತುಹೋಯಿತು, ಯಾವ ಮಾತು ನಂಬಲು ಕಷ್ಟವಾಯಿತು ಅಂತ ಕೇಳಿ. ಉತ್ತರ ಬರೆದುಕೊಳ್ಳಿ, ವಾದಿಸಬೇಡಿ. ನನ್ನ ಹಸ್ತಪ್ರತಿ ಓದಿದವರು ಕೇಳಿದ್ದು ಒಂದೇ: "ಸೋಮವಾರ ಬಟ್ಟೆ ಕೊಟ್ಟಾಯ್ತಾ?" ಅದನ್ನು ನಾನು ಎಲ್ಲೂ ಬರೆದಿರಲಿಲ್ಲ. ಮತ್ತೆ ಅಕ್ಕನಿಗೆ ಫೋನು ಮಾಡಬೇಕಾಯಿತು.